ಹೆಚ್ಚುವರಿ ರಕ್ಷಣೆ ಬೇಡ

ಗ್ರೀಸಿನಿಂದ ಮಾವ ಫೋನ್ ಮಾಡಿದಾಗ ಯಾಸ್ನ ಬೀನ್ಸ್ ಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಭಾನುವಾರದ ಮಧ್ಯಾಹ್ನ. ಗಂಡ ಸ್ಲಾವ್ಕೊ ಮೇಜಿನ ಮುಂದೆ ಕೂತು ಬ್ರೆಡ್ ಕೊಯ್ಯುತ್ತಿದ್ದ. ಹದಿನೇಳರ ಮಗಳು ತಿಯಾನ ತಟ್ಟೆಗಳನ್ನು ಇಡುತ್ತಿದ್ದಳು. ಸ್ಲಾವ್ಕೊ ಫೋನ್ ಎತ್ತಿ ಸ್ಪೀಕರ್ ಹಾಕಿದ.

"ನಿಮ್ಮಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು ಕಣೋ," ಎಂದರು ಮಾವ ಮಿಲುಟಿನ್. "ಮೂರು ದಿನದಿಂದ ಕೆಮ್ಮು. ನಿನ್ನೆ ಪರೀಕ್ಷೆ ಮಾಡಿದ್ರು, ಅದೇ ಕಾಯಿಲೆ. ಬೆಳಿಗ್ಗೆ ಉಸಿರಾಡೋಕೇ ಆಗ್ಲಿಲ್ಲ. ನನ್ನನ್ನ ಜೊತೇಲಿ ಬಿಡಲಿಲ್ಲ. ಹತ್ತು ದಿನ ಹೋಟೆಲ್ ರೂಮಿಂದ ಆಚೆ ಕಾಲಿಡಬಾರ್ದಂತೆ."

"ಯಾವ ಆಸ್ಪತ್ರೆ?"

"ನಂಗೇನ್ ಗೊತ್ತು, ಎಲ್ಲಾ ಗ್ರೀಕ್ ಅಕ್ಷರ. ಖಾಸಗಿ ಅಂತ ಬಸ್ಸಿನ ಗೈಡ್ ಹೇಳಿದ. ವಿಮೆ ಕಾಗದ ಕೇಳಿದ್ರು. ಯಾಸ್ನ ಅಲ್ಲೇ ಇದ್ದಾಳಾ? ಅವಳೇ ತಾನೇ ಮಾಡಿಸಿದ್ದು?"

ಯಾಸ್ನಳ ಕೈ ಅಲ್ಲೇ ನಿಂತಿತು. ಬಾಣಲೆಯಲ್ಲಿ ಕೆಂಪು ಮೆಣಸಿನ ಪುಡಿ ಸೀದು ಅಡುಗೆಮನೆಯಲ್ಲೆಲ್ಲ ಘಾಟು ಎದ್ದಿತು. ತಿಯಾನ ಓಡಿ ಬಂದು ಒಲೆ ಆರಿಸಿದಳು.

ಸೆರ್ಬಿಯದ ಪಿರೋಟ್ ಪಟ್ಟಣದ ಬಸ್ ನಿಲ್ದಾಣದ ಎದುರಿನ ಪ್ರವಾಸ ಕಚೇರಿಯಲ್ಲಿ ಯಾಸ್ನ ಹನ್ನೊಂದು ವರ್ಷಗಳಿಂದ ಕೆಲಸಕ್ಕಿದ್ದಳು. ಬಸ್ ಟಿಕೆಟ್, ಹೋಟೆಲ್, ಗಡಿ ದಾಟುವವರಿಗೆ ವಿಮೆ, ಎಲ್ಲವೂ ಅವಳ ಕೌಂಟರಿನಲ್ಲೇ. ಸೆಪ್ಟೆಂಬರಿನಲ್ಲಿ ದರ ಇಳಿದ ಮೇಲೆ ನಿವೃತ್ತರ ಸಂಘದವರು ಸಮುದ್ರಕ್ಕೆ ಹೊರಟಾಗ ನಲವತ್ತು ಜನರ ಪಾಲಿಸಿಯನ್ನೂ ಅವಳೇ ಬರೆದಿದ್ದಳು. ಬಿದ್ದು ಕಾಲು ಮುರಿದರೆ, ಹೊಟ್ಟೆ ಕೆಟ್ಟರೆ, ಎದೆ ನೋವು ಬಂದರೆ ಆ ಪಾಲಿಸಿ ನಡೆಯುತ್ತಿತ್ತು. ಸಾಂಕ್ರಾಮಿಕ ರೋಗಕ್ಕೆ ನಡೆಯುತ್ತಿರಲಿಲ್ಲ. ಅದಕ್ಕೆ ಬೇರೆಯೇ ಒಂದು ಹೆಚ್ಚುವರಿ ರಕ್ಷಣೆ ಇತ್ತು, ತಲೆಗೆ ಎರಡು ಕಾಫಿಯ ಬೆಲೆ. ಅದು ಬೇಡ ಎನ್ನುವವರು ಅರ್ಜಿಯ ಕೊನೆಯಲ್ಲಿ, "ನನಗೆ ತಿಳಿಸಲಾಗಿದೆ, ಹೆಚ್ಚುವರಿ ರಕ್ಷಣೆ ಬೇಡ" ಎಂಬ ಸಾಲಿನ ಮುಂದೆ ಗುರುತು ಹಾಕಿ ಸಹಿ ಮಾಡಬೇಕು.

ಅತ್ತೆ ಮಾವನ ಅರ್ಜಿ ತುಂಬುವಾಗ ಅವಳು ಕಚೇರಿಯಿಂದ ಮನೆಗೆ ಫೋನ್ ಮಾಡಿದ್ದಳು.

"ಮಾವ, ಕೋವಿಡ್ ರಕ್ಷಣೇನೂ ಸೇರಿಸ್ತಾ ಇದ್ದೀನಿ."

"ಎಷ್ಟಾಗುತ್ತೆ ಅದು?"

ಅವಳು ಹೇಳಿದಳು.

"ಇಬ್ಬರಿಗೂ ಎರಡೆರಡು ಸಲ ಸೂಜಿ ಚುಚ್ಚಿ ಆಗಿದೆ. ಇನ್ನೂ ಯಾಕೆ? ಹಾಕ್ಬೇಡ."

"ನಾನೇ ಕೊಡ್ತೀನಿ ಬಿಡಿ."

"ಯಾರ ಜೇಬಿಂದ ಹೋದ್ರೂ ಇದೇ ಮನೆಯಿಂದ ತಾನೇ ಹೋಗೋದು? ಹಾಕ್ಬೇಡ ಅಂದ್ನಲ್ಲ."

ಪಿರೋಟಿನವರ ಕೈ ಬಿಗಿ ಎಂದು ಇಡೀ ಸೆರ್ಬಿಯ ನಗುತ್ತದೆ. ಮಿಲುಟಿನ್ ಅವರ ಕೈ ನೋಡಿ ಪಿರೋಟೇ ನಗುತ್ತಿತ್ತು. ಕೌಂಟರಿನ ಮುಂದೆ ಹತ್ತಾರು ಜನ ಕಾಯುತ್ತಿದ್ದರು. ಯಾಸ್ನ ಗುರುತು ಹಾಕಿ, ಇಬ್ಬರ ಹೆಸರಿನಲ್ಲೂ ತಾನೇ ಸಹಿ ಎಳೆದು ಮುಂದಿನ ಅರ್ಜಿ ತೆಗೆದುಕೊಂಡಳು. ಮನೆಯವರ ಕಾಗದಕ್ಕೆ ಕಚೇರಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು.

ಸೋಮವಾರ ವಿಮಾ ಕಂಪನಿಯವರು ಎರಡೇ ಮಾತಿನಲ್ಲಿ ಆಗುವುದಿಲ್ಲ ಎಂದರು. ಸ್ಲಾವ್ಕೊ ಟೈರ್ ಕಾರ್ಖಾನೆಯಿಂದ ಬಂದು ಬೂಟು ಬಿಚ್ಚುವ ಮೊದಲೇ ಅವಳು ವಿಷಯ ಹೇಳಿದಳು.

"ಊರಿಗೆಲ್ಲ ಅದನ್ನ ಮಾರೋಳು ನೀನು. ಸ್ವಂತ ಅತ್ತೆಗೆ ಹಾಕಲಿಲ್ವಾ?"

"ಮಾವ ಬೇಡ ಅಂದ್ರು. ಎರಡು ಸಲ ಕೇಳಿದೆ."

ಸ್ಲಾವ್ಕೊ ಅಲ್ಲೇ ಬಾಗಿಲಲ್ಲಿ ನಿಂತು ಅಪ್ಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. "ಅಪ್ಪ, ಕೋವಿಡ್ ವಿಮೆ ಬೇಡ ಅಂತ ನೀನು ಹೇಳಿದ್ಯಾ?"

ಆ ಕಡೆ ಟಿ.ವಿ. ಸದ್ದು ಕಮ್ಮಿಯಾಯಿತು.

"ನಾನಾ? ನನ್ನನ್ನ ಯಾರು ಕೇಳಿದ್ರು?" ಎಂದರು ಮಿಲುಟಿನ್. "ಕಾಗದ ಗೀಗದ ಎಲ್ಲಾ ಯಾಸ್ನ ನೋಡ್ಕೊಂಡ್ಳು. ನಂಗೆ ಅಂಥದ್ದೊಂದು ಇದೆ ಅಂತಾನೇ ಗೊತ್ತಿಲ್ಲ."

"ಮಾವ!" ಯಾಸ್ನ ಫೋನಿನ ಹತ್ತಿರ ಬಂದಳು. "ಮಂಗಳವಾರ, ಹತ್ತು ಗಂಟೆಗೆ. ನೀವು ಅಂಗಳದಿಂದ ಬಂದು ಫೋನ್ ತಗೊಂಡ್ರಿ. ಯಾರ ಜೇಬಿಂದ ಹೋದ್ರೂ ಅಂತ ಹೇಳಿದ್ರಿ."

"ನಂಗೆ ನೆನಪಿಲ್ಲಮ್ಮ. ಇಲ್ಲಿ ನಾನು ಒಬ್ಬನೇ ಕೂತಿದ್ದೀನಿ, ಅವಳಲ್ಲಿ ನರಳ್ತಾ ಇದ್ದಾಳೆ. ಈಗ ನನ್ನ ಮೇಲೆ ಹಾಕ್ಬೇಡ."

ಸ್ಲಾವ್ಕೊ ಫೋನ್ ಇಟ್ಟ. "ಸಹಿ ಯಾರದ್ದು?"

"ನಂದು."

"ಮತ್ತೆ?" ಎಂದ ಅವನು. ಅಂದಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟ. ಉಪ್ಪು ಬೇಕಾದರೂ ತಿಯಾನಳನ್ನೇ ಕೇಳುತ್ತಿದ್ದ.

ನೀಶ್ ನಗರದಲ್ಲಿದ್ದ ಸ್ಲಾವ್ಕೊನ ಅಕ್ಕ ಜೋರಿತ್ಸ ದಿನಕ್ಕೆರಡು ಸಲ ತಮ್ಮನಿಗೆ ಫೋನ್ ಮಾಡುತ್ತಿದ್ದಳು. ಅವಳ ಗಂಟಲು ಗೋಡೆಯಾಚೆಗೂ ಕೇಳುವಂಥದ್ದು. "ಅಮ್ಮನ ಜೀವಕ್ಕೆ ಎರಡು ಕಾಫಿ ಬೆಲೆ ಇಲ್ಲದೆ ಹೋಯ್ತಾ ನಿನ್ನ ಹೆಂಡ್ತಿಗೆ? ಹೊರಗಿನೋಳು ಹೊರಗಿನೋಳೇ."

ಹತ್ತು ದಿನ ಕಳೆದು ಮಿಲುಟಿನ್ ಒಬ್ಬರೇ ಬಸ್ಸಿಳಿದರು. ಒಂದು ಕೈಯಲ್ಲಿ ತಮ್ಮ ಚೀಲ, ಇನ್ನೊಂದರಲ್ಲಿ ಹೆಂಡತಿಯದು. ಯಾಸ್ನ ಕೋಳಿ ಸಾರು ಮಾಡಿದ್ದಳು. ಅವರು ತಲೆ ಎತ್ತದೆ ಉಂಡರು.

"ಅಜ್ಜ, ಅಜ್ಜಿ ಹೇಗಿದ್ದಾಳೆ? ನೋಡೋಕೆ ಬಿಟ್ರಾ?" ತಿಯಾನ ಕೇಳಿದಳು.

"ಆಸ್ಪತ್ರೆ ಕಿಟಕಿಗಳ ಕೆಳಗೆ ಹೋಗಿ ನಿಂತಿದ್ದೆ. ಯಾವ ಕಿಟಕಿ ಅಂತ ಯಾರೂ ಹೇಳಲಿಲ್ಲ. ಕೈ ಬೀಸಿ ಬಂದೆ."

ಚಳಿಗಾಲಕ್ಕೆ ಐವಾರ್ ಚಟ್ನಿ ಮಾಡಿಡಲೆಂದು ಅತ್ತೆ ಹೊರಡುವ ಮೊದಲೇ ಮೂರು ಚೀಲ ಕೆಂಪು ದೊಣ್ಣೆಮೆಣಸಿನಕಾಯಿಗೆ ಹೇಳಿಟ್ಟಿದ್ದರು. ಅವು ಬಂದು ಅಂಗಳದಲ್ಲಿ ಬಿದ್ದು ಒಂದು ಮೂಲೆಯಿಂದ ಕೊಳೆಯತೊಡಗಿದ್ದವು. ಶನಿವಾರ ಯಾಸ್ನ ಸೌದೆ ಒಲೆ ಹಚ್ಚಿದಳು. ತಿಯಾನ ಕಾಯಿ ಸುಟ್ಟು ಕೊಟ್ಟಂತೆ ಅವಳು ಕರಿ ಸಿಪ್ಪೆ ಸುಲಿದು ಬೀಜ ತೆಗೆದಳು. ಬೆರಳೆಲ್ಲ ಉರಿ. ಮಗಳು ನೀರು ತರಲು ಒಳಗೆ ಹೋದಾಗ ಮಾವ ಹೊರಗೆ ಬಂದರು. ಮರದ ಸ್ಟೂಲಿನ ಮೇಲೆ ಕೂತು ಒಂದು ಕಾಯಿ ಎತ್ತಿಕೊಂಡು ಸುಲಿಯತೊಡಗಿದರು.

"ಯಾಕೆ ಮಾವ?" ಎಂದಳು ಯಾಸ್ನ, ಅವರ ಮುಖ ನೋಡದೆ.

ಅವರು ಆ ಕಾಯಿ ಪೂರ್ತಿ ಸುಲಿದು ಮುಗಿಸಿದರು.

"ಅವನು ಕೇಳಿದ ರೀತಿ ಹಾಗಿತ್ತು," ಎಂದರು. "ನೀನು ಹೇಳಿದ್ಯಾ ಅಂದ. ಹೌದು ಅಂದಿದ್ರೆ ನನ್ನ ಮುಖ ಮತ್ತೆ ನೋಡ್ತಿದ್ನಾ? ಅವನಿಗೆ ಅಮ್ಮ ಅಂದ್ರೆ ಏನು ಅಂತ ನಿಂಗೊತ್ತು."

"ನನ್ನ ಮುಖ ಈಗ ನೋಡ್ತಾ ಇದ್ದಾನಾ?"

"ನೀನು ಹೆಂಡ್ತಿ. ಇವತ್ತಲ್ಲ ನಾಳೆ ಸರಿಹೋಗುತ್ತೆ. ನಂಗೆ ಎಪ್ಪತ್ನಾಲ್ಕು, ಯಾಸ್ನ. ನಂಗೆ ಅಷ್ಟು ದಿನ ಇಲ್ಲ."

ತಿಯಾನ ಕೊಡ ಹಿಡಿದು ಬಂದಳು. ಮಾವ ಎದ್ದು ಕೈ ತೊಳೆಯಲು ಹೋದರು.

ಮರುದಿನ ಅತ್ತೆ ದೆಸಾಂಕ ವಿಡಿಯೋದಲ್ಲಿ ಕಂಡರು. ಒಬ್ಬ ನರ್ಸ್ ಫೋನ್ ಹಿಡಿದಿದ್ದಳು. ಮೂಗಿಗೆ ಕೊಳವೆ, ಕೂದಲು ಹಣೆಗೆ ಅಂಟಿತ್ತು. ಒಂದೊಂದು ಮಾತಿಗೂ ನಿಂತು ನಿಂತು ಉಸಿರೆಳೆದರು.

"ಸ್ಲಾವ್ಕೊ... ಇಲ್ಲಿಂದ ನನ್ನ ಕರ್ಕೊಂಡು ಹೋಗೋ. ಇವರೆಲ್ಲ ಒಳ್ಳೆಯವರು. ಆದ್ರೆ ನಾನು ನೀರು ಅಂದ್ರೆ... ಇವರಿಗೆ ಗೊತ್ತಾಗಲ್ಲ. ಇಲ್ಲಿ ಸಾಯೋಕೆ ನಂಗೆ ಇಷ್ಟ ಇಲ್ಲ."

"ಕರ್ಕೊಂಡು ಬರ್ತೀನಮ್ಮ. ಈ ವಾರಾನೇ."

ಆದರೆ ಹೇಗೆ? ಆಮ್ಲಜನಕ, ಯಂತ್ರ, ಡಾಕ್ಟರು ಇರುವ ಆಂಬುಲೆನ್ಸ್ ಬಂದರೆ ಮಾತ್ರ ಆಸ್ಪತ್ರೆಯವರು ಕಳಿಸುತ್ತಿದ್ದರು. ಎರಡು ಗಡಿ ದಾಟಿ ಬರಬೇಕು. ಅದಕ್ಕೂ ಆಸ್ಪತ್ರೆಯ ಬಿಲ್ಲಿಗೂ ಸೇರಿ ಬೇಕಾದ ಹಣ ಸ್ಲಾವ್ಕೊನ ವರ್ಷದ ಸಂಬಳಕ್ಕಿಂತ ಹೆಚ್ಚಿತ್ತು. ಅವನು ಕಾರು ಮಾರಲು ಹಾಕಿದ. ಹಳೆಯ ಕಾರು, ನೋಡಲು ಬಂದವರು ಟೈರಿಗೆ ಒದ್ದು ಹೋದರು. ಬ್ಯಾಂಕಿನವರು ಎರಡು ವಾರ ಆಗುತ್ತದೆ ಎಂದರು. ಅವನು ಅಡುಗೆಮನೆಗೆ ಬಂದು ಐವಾರ್ ತುಂಬಿಟ್ಟಿದ್ದ ಜಾಡಿಯೊಂದನ್ನು ನೆಲಕ್ಕೆ ಅಪ್ಪಳಿಸಿದ.

"ಒಂದು ಗುರುತು!" ಎಂದು ಕೂಗಿದ. "ಒಂದು ಚಿಕ್ಕ ಗುರುತು ಹಾಕದೆ ಇರೋಕಾಗ್ಲಿಲ್ವಾ ನಿನ್ನ ಕೈಲಿ!"

ಎರಡು ವಾರಗಳ ಮೇಲೆ ಅವನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಮಿಲುಟಿನ್ ತಮ್ಮ ಕೋಣೆಯ ಬಾಗಿಲು ಮೆಲ್ಲಗೆ ಹಾಕಿಕೊಂಡರು. ಯಾಸ್ನ ಬಗ್ಗಿ ಗಾಜು ಹೆಕ್ಕಿದಳು.

ಮಾರನೇ ದಿನ ಅವಳು ಕಚೇರಿಯಲ್ಲಿ ಒಂದು ಹಾಳೆ ಬರೆದು ಮಾಲೀಕ ರಾತ್ಕೊ ಅವರ ಮುಂದಿಟ್ಟಳು. ಗ್ರಾಹಕರಿಗೆ ಹೆಚ್ಚುವರಿ ರಕ್ಷಣೆಯ ವಿಷಯ ನಾನು ತಿಳಿಸಲಿಲ್ಲ. ಅವರನ್ನು ಕೇಳದೆ ನಾನೇ ಗುರುತು ಹಾಕಿ, ಅವರ ಹೆಸರಿನಲ್ಲಿ ನಾನೇ ಸಹಿ ಮಾಡಿದೆ. ತಪ್ಪು ನನ್ನದು.

ರಾತ್ಕೊ ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಇದನ್ನ ಕಳಿಸಿದ್ರೆ ಏನಾಗುತ್ತೆ ಗೊತ್ತಲ್ಲ? ತಿಳಿಸದೆ ಇದ್ರೆ ಆ ಸಹಿಗೆ ಬೆಲೆ ಇಲ್ಲ, ಕಂಪನಿ ಕೊಡಲೇಬೇಕು. ಕೊಟ್ಟು ನನ್ನ ಕಡೆ ತಿರುಗುತ್ತೆ. ನಿನ್ನನ್ನ ತೆಗೀದೇ ಇದ್ರೆ ನನ್ನ ಏಜೆನ್ಸಿ ಹೋಗುತ್ತೆ. ವಿಮೆ ಮಾರೋ ನಿನ್ನ ಲೈಸೆನ್ಸಂತೂ ಹೋಯ್ತು ಅಂತಾನೇ ತಿಳ್ಕೊ."

"ಗೊತ್ತು."

"ನಿಜವಾಗ್ಲೂ ಕೇಳಲಿಲ್ವಾ? ಕಿವುಡು ಮುದುಕರನ್ನ ಕೂರಿಸ್ಕೊಂಡು ಮೂರ್ಮೂರು ಸಲ ಕೂಗಿ ಕೂಗಿ ಕೇಳ್ತಿದ್ದೋಳು ನೀನು. ನಾನೇ ನೋಡಿದೀನಿ."

"ಅವರನ್ನ ಕೇಳಿದೆ. ಇವರನ್ನ ಕೇಳಲಿಲ್ಲ."

ಅವರು ಎದ್ದು ಕೋಣೆಯ ಬಾಗಿಲು ಹಾಕಿದರು. "ಒಂದು ಮಾತು ಹೇಳ್ತೀನಿ, ಕೇಳು. ಇದು ಸುಳ್ಳು ಅಂತ ಯಾವತ್ತಾದ್ರೂ ಆಚೆ ಬಂದ್ರೆ ಕೊಟ್ಟಿದ್ದನ್ನೆಲ್ಲ ವಾಪಸ್ ಕೇಳ್ತಾರೆ. ಕೋರ್ಟಿಗೂ ಎಳೀತಾರೆ. ನಿಮ್ಮ ಮನೆ ಉಳಿಯಲ್ಲ."

"ಸುಳ್ಳಲ್ಲ," ಎಂದಳು ಯಾಸ್ನ. ರಾತ್ಕೊ ಮುದ್ರೆ ಒತ್ತಿದರು.

ಸಂಜೆ ಅವಳು ಮಾವನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವರು ಅತ್ತೆಯ ಚೀಲವನ್ನು ಇನ್ನೂ ಬಿಚ್ಚದೆ ಮಂಚದ ಮೇಲಿಟ್ಟುಕೊಂಡಿದ್ದರು.

"ನಾನು ನಿಮ್ಮನ್ನ ಕೇಳಲೇ ಇಲ್ಲ ಅಂತ ಬರೆದು ಕೊಟ್ಟಿದ್ದೀನಿ. ಕಂಪನಿಯಿಂದ ಫೋನ್ ಬರುತ್ತೆ. ಸ್ಲಾವ್ಕೊಗೆ ಏನು ಹೇಳಿದ್ರೋ ಅದನ್ನೇ ಹೇಳಿ."

ಮಿಲುಟಿನ್ ಚೀಲವನ್ನು ಪಕ್ಕಕ್ಕೆ ಸರಿಸಿದರು. "ನಿನ್ನ ಕೆಲಸ?"

"ಹೋಯ್ತು."

"ಬೇಡ ಮಗಳೇ. ನಾನು ಅವನ ಹತ್ರ ಹೇಳಿಬಿಡ್ತೀನಿ. ಈಗಲೇ..."

"ಈಗ ಹೇಳಿದ್ರೆ ಆಂಬುಲೆನ್ಸ್ ಬರಲ್ಲ. ಹೇಳೋದಿದ್ರೆ ಅವತ್ತೇ ಹೇಳ್ಬೇಕಿತ್ತು. ಅತ್ತೆ ಮನೆಗೆ ಬರಬೇಕೋ ಬೇಡವೋ?"

ಅವರು ಮುಖ ಮುಚ್ಚಿಕೊಂಡು ತಲೆಯಾಡಿಸಿದರು.

ಕಂಪನಿ ಒಪ್ಪಿ ಹಣ ಕಟ್ಟಲು ಎಂಟು ದಿನ ಹಿಡಿಯಿತು. ಅಕ್ಟೋಬರಿನ ಮೊದಲ ವಾರ, ಸಣ್ಣ ಮಳೆಯಲ್ಲಿ, ಆಂಬುಲೆನ್ಸ್ ಪಿರೋಟಿನ ಆಸ್ಪತ್ರೆಯ ಹಿಂಬಾಗಿಲಿಗೆ ಬಂದು ನಿಂತಿತು. ಗಾಲಿ ಮಂಚ ಇಳಿಸುವಾಗ ನಾಲ್ವರೂ ಬೇಲಿಯ ಆಚೆ ನಿಂತಿದ್ದರು. ಕಂಬಳಿಯ ಕೆಳಗಿಂದ ಒಂದು ಕೈ ಸ್ವಲ್ಪ ಮೇಲೆದ್ದಿತು. ಮಿಲುಟಿನ್ ಬೇಲಿಯ ಸರಳು ಹಿಡಿದು "ದೆಸಾ, ದೆಸಾ" ಎಂದು ಕೂಗಿದರು. ಬಾಗಿಲು ಮುಚ್ಚಿತು.

ಐದನೇ ದಿನ ಮನೆಯವರಲ್ಲಿ ಒಬ್ಬರು ಹತ್ತು ನಿಮಿಷ ಬರಬಹುದು ಎಂದು ಡಾಕ್ಟರು ಹೇಳಿಕಳಿಸಿದರು. ಸ್ಲಾವ್ಕೊ ಕಾರ್ಖಾನೆಯಲ್ಲಿದ್ದ, ಫೋನ್ ಎತ್ತಲಿಲ್ಲ. ಮಾವನಿಗೆ ಕೆಮ್ಮು ಶುರುವಾಗಿದ್ದರಿಂದ ಬಿಡುತ್ತಿರಲಿಲ್ಲ. ಯಾಸ್ನ ಹೋದಳು. ಬಿಳಿ ಅಂಗಿ, ಎರಡೆರಡು ಮುಖಗವಸು, ಕೈಗವಸು ಹಾಕಿಸಿದರು.

"ಯಾರು?" ಎಂದರು ಅತ್ತೆ.

"ನಾನು, ಯಾಸ್ನ."

"ಕಣ್ಣು ಮಾತ್ರ ಕಾಣ್ತಿದೆ." ಅವರು ಬಹಳ ಹೊತ್ತು ಉಸಿರೆಳೆದುಕೊಂಡರು. "ಇಲ್ಲಿಯ ನರ್ಸು... ನಮ್ಮ ಪಕ್ಕದ ಟೆಮ್ಸ್ಕ ಹಳ್ಳಿಯೋಳಂತೆ. ನನ್ನ ಕೂಡ ಜಗಳ ಆಡ್ತಾಳೆ. ಊಟ ಮಾಡಲ್ಲ ಅಂತ." ನಗಲು ಹೋಗಿ ಕೆಮ್ಮಿದರು. "ಮೆಣಸಿನಕಾಯಿ ಏನ್ ಮಾಡಿದ್ರಿ?"

"ಮಾಡಿ ಮುಗಿಸಿದ್ವಿ ಅತ್ತೆ. ಐವತ್ತೆರಡು ಜಾಡಿ ಆಯ್ತು."

"ಬೆಳ್ಳುಳ್ಳಿ ಜಾಸ್ತಿ ಹಾಕಿರ್ತೀಯ. ನೀನು ಯಾವಾಗ್ಲೂ ಹಾಗೇ." ಆಮೇಲೆ ಕಣ್ಣು ಮುಚ್ಚಿಕೊಂಡು, "ಒಳ್ಳೇದಾಯ್ತು ಕರ್ಕೊಂಡು ಬಂದಿದ್ದು," ಎಂದರು.

ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು.

ಯಾಸ್ನಳಿಗೆ ಬೇಕರಿಯೊಂದರಲ್ಲಿ ತಟ್ಟೆ ತೊಳೆದು ನೆಲ ಒರೆಸುವ ಕೆಲಸ ಸಿಕ್ಕಿತು. ಬೆಳಗಿನ ಐದಕ್ಕೆ ಹೋಗುತ್ತಿದ್ದಳು. ದಾರಿಯಲ್ಲಿ ನಿವೃತ್ತರ ಸಂಘದ ಮುದುಕಿಯರು ಸಿಕ್ಕರೆ ಬೇರೆ ಕಡೆ ನೋಡುತ್ತಿದ್ದರು. ಸ್ವಂತ ಅತ್ತೆಯನ್ನೇ ಕೇಳದೆ ಸಹಿ ಹಾಕಿದವಳು ನಮ್ಮ ಕಾಗದದಲ್ಲಿ ಏನೇನು ಮಾಡಿದ್ದಳೋ ಎಂದು ಅವರಿಗೆ ಅನುಮಾನ. ಸ್ಲಾವ್ಕೊ ಮನೆಯಲ್ಲಿ ಬೇಕಾದಷ್ಟೇ ಮಾತಾಡುತ್ತಿದ್ದ. ಗ್ಯಾಸ್ ಮುಗಿದಿದೆ. ತಿಯಾನಳ ಶಾಲೆಯಿಂದ ಕರೆದಿದ್ದಾರೆ. ಅಷ್ಟೇ.

ಅತ್ತೆ ತೀರಿಕೊಂಡ ನಲವತ್ತನೇ ದಿನ, ಶನಿವಾರ, ಸ್ಮಶಾನದಲ್ಲಿ ಪಾದ್ರಿ ಪ್ರಾರ್ಥನೆ ಹೇಳಿ, ಸಮಾಧಿಯ ಮೇಲೆ ವೈನ್ ಸುರಿದರು. ಎಲ್ಲರೂ ಬೇಯಿಸಿದ ಗೋಧಿಯನ್ನು ಒಂದೊಂದು ಚಮಚ ತಿಂದು ಮನೆಗೆ ಬಂದರು. ಊಟಕ್ಕೆ ಹದಿನೈದು ಜನ. ಯಾಸ್ನ ಮತ್ತು ತಿಯಾನ ಮೀನು, ಎಲೆಕೋಸಿನ ಸುರುಳಿ, ಐವಾರ್ ತಂದಿಟ್ಟರು. ರಾತ್ಕೊ ಕೂಡ ಕಾಫಿ ಪೊಟ್ಟಣ, ಒಂದು ಬಾಟಲಿ ರಾಕಿಯ ಸಾರಾಯಿ ಹಿಡಿದು ಬಂದಿದ್ದರು. ಮಾಜಿ ಮಾಲೀಕರು ಬಂದದ್ದು ದೊಡ್ಡ ಮಾತು ಎಂದು ಅಕ್ಕಪಕ್ಕದವರು ಅಂದುಕೊಂಡರು.

ಜೋರಿತ್ಸ ಐವಾರನ್ನು ಬ್ರೆಡ್ಡಿಗೆ ಸವರಿ ರುಚಿ ನೋಡಿದಳು. "ಅಮ್ಮನ ಕೈ ರುಚಿ ಎಲ್ಲಿ ಬರುತ್ತೆ," ಎಂದಳು. "ಇರಬೇಕಿತ್ತು ಅವಳು. ಮೊದಲನೇ ದಿನಾನೇ ಇಲ್ಲಿಗೆ ತಂದಿದ್ರೆ ಇರ್ತಿದ್ಳು. ಮೂರು ವಾರ ಪರದೇಶದಲ್ಲಿ ಬಿದ್ದಿದ್ಳು, ಯಾರೋ ಎರಡು ಕಾಸು ಉಳಿಸೋಕೆ ಹೋಗಿ."

"ಜೋರಿತ್ಸ," ಎಂದ ಸ್ಲಾವ್ಕೊ.

"ಏನು ಜೋರಿತ್ಸ? ಬಡಿಸ್ತಾ ಓಡಾಡ್ತಿದ್ದಾಳಲ್ಲ, ಕೈ ನಡುಗೋದೂ ಇಲ್ಲ ಅವಳಿಗೆ."

ಯಾಸ್ನ ಮೀನಿನ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಆಗ ಕುರ್ಚಿ ಸರಿದ ಸದ್ದಾಯಿತು. ಮಿಲುಟಿನ್ ಎದ್ದು ನಿಂತಿದ್ದರು. ಮುಂದಿದ್ದ ರಾಕಿಯವನ್ನು ಅವರು ಮುಟ್ಟಿರಲಿಲ್ಲ.

"ಅವಳನ್ನ ಬಿಡು," ಎಂದರು. "ಅವಳು ನನ್ನನ್ನ ಕೇಳಿದ್ಳು. ಫೋನ್ ಮಾಡಿದ್ಳು. ನಾನೇ..."

ಎಲ್ಲರ ಕೈಯೂ ನಿಂತಿತು. ರಾತ್ಕೊ ಫೋರ್ಕನ್ನು ತಟ್ಟೆಯ ಪಕ್ಕದಲ್ಲಿಟ್ಟು ತಲೆ ತಗ್ಗಿಸಿ ಕೂತರು. ಅವರ ಎದುರಿಗೇ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿಗೆ ಗೊತ್ತಾದದ್ದು ಸಂಜೆಯೊಳಗೆ ಊರಿಗೆಲ್ಲ, ಮಾರನೇ ದಿನ ವಿಮಾ ಕಂಪನಿಗೂ ಗೊತ್ತಾಗುತ್ತಿತ್ತು.

ಎಷ್ಟು ವಾರಗಳಿಂದ ಯಾಸ್ನ ಈ ಮಾತಿಗೆ ಕಾದಿದ್ದಳು. ಈಗ ಅವಳು ಮೇಜು ಸುತ್ತಿ ಬಂದು ಮಾವನ ಭುಜ ಹಿಡಿದು ಕೂರಿಸಿದಳು.

"ಮಾವ, ನಿಮಗೆ ಆಯಾಸ ಆಗಿದೆ," ಎಂದಳು, ಎಲ್ಲರಿಗೂ ಕೇಳುವಂತೆ. "ನೀವು ಬೇರೆ ಯಾವುದೋ ಫೋನ್ ನೆನಪು ಮಾಡ್ಕೊಳ್ತಿದ್ದೀರಿ. ನಾನು ನಿಮ್ಮನ್ನ ಕೇಳಲೇ ಇಲ್ಲ. ಜನ ಜಾಸ್ತಿ ಇದ್ರು, ಮರೆತೆ. ಬರೆದೂ ಕೊಟ್ಟಿದ್ದೀನಿ."

"ಯಾಸ್ನ..."

"ಕೇಳಲಿಲ್ಲ ಮಾವ."

ಅವರು ಅವಳ ಕೈ ಮೇಲೆ ತಮ್ಮ ಕೈ ಇಟ್ಟರು.

"ನೋಡಿದ್ರಾ?" ಎಂದಳು ಜೋರಿತ್ಸ ಉಳಿದವರ ಕಡೆ ತಿರುಗಿ. "ಅವಳೇ ಒಪ್ಕೋತಾಳೆ. ಪಾಪ ಅಪ್ಪ, ಅವಳ ಮಾನ ಉಳಿಸೋಕೆ ಹೊರಟ."

ರಾತ್ಕೊ ಫೋರ್ಕ್ ಎತ್ತಿಕೊಂಡು ಎಲೆಕೋಸು ಕತ್ತರಿಸತೊಡಗಿದರು. ನಿಧಾನವಾಗಿ ಉಳಿದವರೂ ತಿಂದರು.

ನಾಲ್ಕು ಗಂಟೆಯ ಹೊತ್ತಿಗೆ ಎಲ್ಲರೂ ಹೊರಟಿದ್ದರು. ಯಾಸ್ನ ತಟ್ಟೆ ತೊಳೆಯುತ್ತಿದ್ದಾಗ ಸ್ಲಾವ್ಕೊ ಅಡುಗೆಮನೆಗೆ ಬಂದು ನಿಂತ.

"ಅಪ್ಪ ಹೇಳಿದ್ದು ನಿಜಾನಾ?"

ಅವಳು ನಲ್ಲಿ ನಿಲ್ಲಿಸಲಿಲ್ಲ. "ರಾತ್ಕೊ ಹೋದ್ರಾ?"

"ಹೋದ್ರು."

"ನಿಮ್ಮಕ್ಕ?"

"ಅವಳನ್ನ ಬಸ್ಸಿಗೆ ಹತ್ತಿಸಿ ಬಂದೆ."

"ಹಾಗಾದ್ರೆ ನಿಜ."

ಸ್ಲಾವ್ಕೊ ಗೋಡೆಗೆ ಒರಗಿದ. "ಯಾಸ್ನ, ನಾನು..."

"ಈಗ ಶುರು ಮಾಡ್ಬೇಡ," ಎಂದಳು ಅವಳು. "ನಂಗೆ ಬೆಳಿಗ್ಗೆ ಐದಕ್ಕೆ ಹೋಗ್ಬೇಕು. ಅಳ್ತಾ ಕೂತ್ರೆ ಈ ಪಾತ್ರೆ ಮುಗಿಯಲ್ಲ. ನಿಮ್ಮಪ್ಪ ಏನೂ ತಿಂದಿಲ್ಲ. ಸಾರು ಬಿಸಿ ಇದೆ, ತಗೊಂಡು ಹೋಗಿ ಕೊಡು."

ಅವಳು ಬಟ್ಟಲು ತುಂಬಿ ಅವನ ಕೈಗಿಟ್ಟಳು. ಅವನು ಹಜಾರ ದಾಟಿ ಅಪ್ಪನ ಕೋಣೆಯ ಮುಂದೆ ನಿಂತ. ಒಳಗಿಂದ ಕೆಮ್ಮು ಕೇಳಿಸಿತು.

"ಯಾರು?" ಎಂದರು ಮಿಲುಟಿನ್.

ಸ್ಲಾವ್ಕೊ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಳಗೆ ಹೋಗಲೂ ಇಲ್ಲ, ಹಿಂದಕ್ಕೆ ಬರಲೂ ಇಲ್ಲ. ಯಾಸ್ನ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿದಳು. ಆಮೇಲೆ ಉಳಿದ ತಟ್ಟೆಗಳ ಕಡೆ ತಿರುಗಿದಳು.